ಸ್ಟೇನ್‌ಲೆಸ್ ಬೋಲ್ಟು, ಅಲ್ಯೂಮಿನಿಯಂ ಫಿಟಿಂಗು: ದೋಣಿಯಲ್ಲಿ ಇವೆರಡರ ಜಗಳ ತಪ್ಪಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಹಾಯಿದೋಣಿಯ ಬೂಮ್, ಅಂದರೆ ಹಾಯಿಯ ಕೆಳ ಅಂಚು ಹಿಡಿಯುವ ಅಡ್ಡಗಂಬ, ಬಂದು ಕಂಬಕ್ಕೆ ಸೇರುವ ಜಾಗದಲ್ಲಿ ಎಂಟು ಮಿಲಿಮೀಟರಿನ ಸ್ಟೇನ್‌ಲೆಸ್ ಬೋಲ್ಟ್ ಇತ್ತು. ತಲೆ ಹೊಸದರ ಹಾಗೆ ಹೊಳೆಯುತ್ತಿತ್ತು. ಸ್ಪ್ಯಾನರ್ ಹಾಕಿ ಎಳೆದೆ, ಅಲ್ಲಾಡಲಿಲ್ಲ. ಇನ್ನೂ ಸ್ವಲ್ಪ ಜೋರು ಮಾಡಿದೆ. ತಲೆ ಟಪ್ ಅಂತ ಮುರಿದು ಕೈಗೆ ಬಂತು. ಒಳಗೆ ಉಳಿದ ತುಂಡು ತೆಗೆಯಲು ಎರಡು ದಿನ ಹಿಡಿಯಿತು. ಅದನ್ನು ಜೋಡಿಸಿದ ದಿನ ಯಾರಾದರೂ ಬೆರಳ ತುದಿಯಷ್ಟು ಪೇಸ್ಟ್ ಹಚ್ಚಿದ್ದರೆ ಹತ್ತು ನಿಮಿಷದ ಕೆಲಸ. ಆಮೇಲೆ ಇದೇ ವಿಷಯಕ್ಕೆ ತುಂಬ ಜನ ಪ್ರಶ್ನೆ ಕೇಳಿದ್ದಾರೆ. ಜಾಸ್ತಿ ಕೇಳುವುದನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಸ್ಟೇನ್‌ಲೆಸ್‌ಗೂ ತುಕ್ಕು ಹಿಡಿಯಲ್ಲ, ಅಲ್ಯೂಮಿನಿಯಂಗೂ ಹಿಡಿಯಲ್ಲ ಅಂತಾರೆ. ಮತ್ತೆ ತೊಂದರೆ ಎಲ್ಲಿಂದ ಬರುತ್ತೆ?

ಒಂಟಿಯಾಗಿದ್ದಾಗ ಎರಡೂ ಸಮುದ್ರದಲ್ಲಿ ಚೆನ್ನಾಗಿಯೇ ಬಾಳುತ್ತವೆ. ಎರಡರ ಮೈಮೇಲೂ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಇರುತ್ತದೆ, ಅದೇ ಅವುಗಳನ್ನು ಕಾಯುತ್ತದೆ. ತೊಂದರೆ ಶುರುವಾಗುವುದು ಇವೆರಡೂ ಒಂದಕ್ಕೊಂದು ತಾಗಿಕೊಂಡು, ಆ ಜಾಗ ಉಪ್ಪುನೀರಿನಲ್ಲಿ ನೆನೆದಾಗ. ಆಗ ಅಲ್ಲೊಂದು ಪುಟ್ಟ ಬ್ಯಾಟರಿ ತಯಾರಾಗುತ್ತದೆ. ಎರಡು ಬೇರೆ ಲೋಹ, ನಡುವೆ ಕರೆಂಟ್ ಹರಿಯಲು ದಾರಿ, ಜೊತೆಗೆ ಉಪ್ಪಿನ ದ್ರಾವಣ. ಟಾರ್ಚಿನ ಸೆಲ್ ಒಳಗೆ ನಡೆಯುವುದೂ ಇದೇ ಜಾತಿಯ ಕೆಲಸ. ಸೆಲ್ಲಿನಲ್ಲಿ ಒಂದು ಲೋಹ ಕರಗುತ್ತಾ ಹೋಗುತ್ತದೆ, ಇಲ್ಲೂ ಹಾಗೆಯೇ.

ಇದರಿಂದ ಒಂದು ಒಳ್ಳೆಯ ಸುದ್ದಿಯೂ ಇದೆ. ಬ್ಯಾಟರಿ ಆಗಲು ಈ ಮೂರೂ ಬೇಕು. ಲೋಹ ಬದಲಿಸಿ, ಇಲ್ಲವೇ ತಾಗದಂತೆ ಮಾಡಿ, ಇಲ್ಲವೇ ನೀರು ಒಳಗೆ ಹೋಗದಂತೆ ನೋಡಿಕೊಳ್ಳಿ. ಒಂದು ತಪ್ಪಿದರೂ ಬ್ಯಾಟರಿ ನಿಂತುಹೋಗುತ್ತದೆ. ಕೆಳಗೆ ಹೇಳಿರುವ ಉಪಾಯಗಳೆಲ್ಲ ಈ ಮೂರರಲ್ಲಿ ಯಾವುದಾದರೂ ಒಂದಕ್ಕೆ ಸೇರುತ್ತವೆ.

ಬೋಲ್ಟಿಗೆ ಏನೂ ಆಗಿರಲ್ಲ, ಅಲ್ಯೂಮಿನಿಯಂ ಮಾತ್ರ ಯಾಕೆ ಸವೆಯುತ್ತೆ?

ಸಮುದ್ರದ ನೀರಿನಲ್ಲಿ ಪ್ರತಿ ಲೋಹಕ್ಕೂ ಒಂದು ವೋಲ್ಟೇಜ್ ಇರುತ್ತದೆ. ಒಂದೇ ಅಳತೆಗೋಲಿನಲ್ಲಿ ಅಳೆದರೆ ದೋಣಿಗೆ ಬಳಸುವ ಅಲ್ಯೂಮಿನಿಯಂ ಸುಮಾರು ಮೈನಸ್ 0.75ರಿಂದ ಮೈನಸ್ 1 ವೋಲ್ಟ್ ನಡುವೆ ನಿಲ್ಲುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ 316 ದರ್ಜೆಯ ಸ್ಟೇನ್‌ಲೆಸ್ ಸೊನ್ನೆಯ ಆಸುಪಾಸಿನಲ್ಲಿ ಇರುತ್ತದೆ. ಅಂತರ ಅರ್ಧ ವೋಲ್ಟಿಗಿಂತ ಜಾಸ್ತಿ. ಜೋಡಿಯಲ್ಲಿ ಯಾವುದರ ವೋಲ್ಟೇಜ್ ಕೆಳಗಿದೆಯೋ ಅದೇ ಕರಗುವುದು. ಹಾಗಾಗಿ ಏಟು ಯಾವಾಗಲೂ ಅಲ್ಯೂಮಿನಿಯಂಗೆ. ಬೋಲ್ಟ್ ಫಳಫಳ ಅಂತ ಹೊಳೆಯುತ್ತಿದೆ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ಅಲ್ಯೂಮಿನಿಯಂ ತಾನು ಕರಗಿ ಅದನ್ನು ಕಾಪಾಡುತ್ತಿರುತ್ತದೆ.

ಹಾಗಾದ್ರೆ ಅಲ್ಯೂಮಿನಿಯಂ ಬೋಲ್ಟೇ ಹಾಕಿದ್ರೆ ಆಯ್ತಲ್ಲ?

ಹಗುರ ಕೆಲಸಕ್ಕೆ ಆಗಬಹುದು. ಕಂಬದ ಮೇಲೆ ಒಂದು ವೈರ್ ಕ್ಲಿಪ್ ಕೂರಿಸಲು ಅಲ್ಯೂಮಿನಿಯಂ ರಿವೆಟ್ ಧಾರಾಳ ಸಾಕು. ಭಾರ ಬೀಳುವ ಕಡೆ ಅದಕ್ಕೆ ಅಷ್ಟು ಶಕ್ತಿ ಇಲ್ಲ.

ಇನ್ನೊಂದು ವಿಷಯ ಇಲ್ಲಿ ತುಂಬ ಮುಖ್ಯ: ಯಾವುದು ದೊಡ್ಡದು, ಯಾವುದು ಚಿಕ್ಕದು ಅನ್ನುವುದು. ದೊಡ್ಡ ಅಲ್ಯೂಮಿನಿಯಂ ಕಂಬದಲ್ಲಿ ಚಿಕ್ಕ ಸ್ಟೇನ್‌ಲೆಸ್ ಬೋಲ್ಟ್ ಇದ್ದರೆ ಸವೆತ ನಿಧಾನ. ಇದನ್ನೇ ಉಲ್ಟಾ ಮಾಡಿ ನೋಡಿ. ದೊಡ್ಡ ಸ್ಟೇನ್‌ಲೆಸ್ ಪಟ್ಟಿಯನ್ನು ಚಿಕ್ಕ ಅಲ್ಯೂಮಿನಿಯಂ ರಿವೆಟ್‌ನಿಂದ ಹಿಡಿಸಿದರೆ, ಇಡೀ ಪಟ್ಟಿಯ ಹಸಿವು ಆ ಪುಟ್ಟ ರಿವೆಟ್ ಮೇಲೆ ಬೀಳುತ್ತದೆ. ಅದು ಬೇಗ ಪುಡಿಯಾಗುತ್ತದೆ. ಇದೊಂದು ತಪ್ಪನ್ನು ಯಾವತ್ತೂ ಮಾಡಬೇಡಿ.

ಹಿತ್ತಾಳೆ, ಕಂಚಿನ ಸ್ಕ್ರೂ ಅಂತೂ ಸ್ಟೇನ್‌ಲೆಸ್‌ಗಿಂತ ಕೆಟ್ಟದ್ದು. ತಾಮ್ರ ಇರುವ ಲೋಹದ ಮೇಲಿಂದ ಹರಿದು ಬಂದ ನೀರೇ ಅಲ್ಯೂಮಿನಿಯಂ ಮೇಲೆ ಗುಳಿ ಬೀಳಿಸಬಲ್ಲದು. ಕಂಬಕ್ಕೆ ಮೋನೆಲ್ ರಿವೆಟ್ ಹಾಕುವ ರೂಢಿ ಇದೆ. ಅದು ನಿಕ್ಕಲ್ ಮತ್ತು ತಾಮ್ರದ ಮಿಶ್ರಲೋಹ, ಗಟ್ಟಿ. ಆದರೆ ಅದಕ್ಕೂ ಪೇಸ್ಟ್ ಬೇಕೇ ಬೇಕು.

ಇದು ಇತ್ತೀಚಿನ ತೊಂದರೆನಾ?

ಅಲ್ಯೂಮಿನಿಯಂ ದೋಣಿಗೆ ಬರುವ ಎಷ್ಟೋ ಮೊದಲೇ ನಾವಿಕರು ಇದರ ಕೈಯಲ್ಲಿ ಏಟು ತಿಂದಿದ್ದರು. ಬ್ರಿಟಿಷ್ ನೌಕಾಪಡೆಯ ಅಲಾರ್ಮ್ ಎಂಬ ಯುದ್ಧನೌಕೆಯ ತಳಕ್ಕೆ 1761ರಲ್ಲಿ ತಾಮ್ರದ ತಗಡು ಹೊದಿಸಿದರು. ಹುಳು ಮರ ಕೊರೆಯದಿರಲಿ ಎಂದು. 1763ರಲ್ಲಿ ಪರೀಕ್ಷೆ ಮಾಡಿದಾಗ ತಗಡು ಹಿಡಿದಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ಆದರೆ ಕೆಲವು ಮೊಳೆಗಳು ಉಳಿದುಕೊಂಡಿದ್ದವು. ತಗಡು ಸುತ್ತಿ ಬಂದಿದ್ದ ಕಂದು ಕಾಗದ ಅಲ್ಲಲ್ಲಿ ಮೊಳೆಗೂ ತಾಮ್ರಕ್ಕೂ ನಡುವೆ ಸಿಕ್ಕಿಹಾಕಿಕೊಂಡಿತ್ತು. ಆ ಕಾಗದವೇ ಮೊಳೆಯನ್ನು ಕಾಪಾಡಿತ್ತು. ಇವತ್ತು ನಾವು ಹಾಕುವ ಪ್ಲಾಸ್ಟಿಕ್ ವಾಷರ್ ಮಾಡುವುದೂ ಆ ಕಾಗದದ ಕೆಲಸವನ್ನೇ. ನನಗೆ ಇದು ತುಂಬ ಇಷ್ಟದ ಕತೆ, ಯಾರು ಕೇಳಿದರೂ ಹೇಳುತ್ತೇನೆ.

ಸವೆದರೆ ಬೋಲ್ಟ್ ಸಡಿಲ ಆಗಬೇಕಿತ್ತು. ಜಾಮ್ ಯಾಕೆ ಆಗುತ್ತೆ?

ಕರಗಿದ ಅಲ್ಯೂಮಿನಿಯಂ ಎಲ್ಲೂ ಮಾಯವಾಗುವುದಿಲ್ಲ. ಬಿಳಿ ಪುಡಿಯಾಗಿ ಅಲ್ಲೇ ಕೂರುತ್ತದೆ. ಈ ಪುಡಿಗೆ ಮೊದಲಿನ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ತ್ರೆಡ್ ಒಳಗೆ ಜಾಗ ಎಲ್ಲಿದೆ? ಅದು ಉಬ್ಬಿ, ಸಂದುಗೊಂದು ತುಂಬಿ, ಸಿಮೆಂಟಿನ ಹಾಗೆ ಬೋಲ್ಟನ್ನು ಅಮುಕಿ ಹಿಡಿಯುತ್ತದೆ. ಇದು ಬರೀ ಗಟ್ಟಿ ಹಿಡಿದದ್ದು ಎಂದು ಮೋಸ ಹೋಗಬೇಡಿ, ಸುತ್ತಲಿನ ತ್ರೆಡ್ ಒಳಗಿಂದ ಪುಡಿಯಾಗಿರಬಹುದು.

ಮೊದಮೊದಲೇ ಗೊತ್ತು ಮಾಡಿಕೊಳ್ಳೋದು ಹೇಗೆ?

ಬೋಲ್ಟಿನ ತಲೆ, ವಾಷರ್, ಫಿಟಿಂಗಿನ ಅಂಚು ನೋಡಿ. ಅಲ್ಲಿ ಬಿಳಿ ಪುಡಿ ಕಂಡರೆ ಕೆಲಸ ಶುರುವಾಗಿದೆ ಎಂದರ್ಥ. ಕೆಲವೊಮ್ಮೆ ಅದು ಬರೀ ಒಣಗಿದ ಉಪ್ಪೂ ಇರಬಹುದು. ಪರೀಕ್ಷೆ ಸುಲಭ: ಸಿಹಿನೀರು ಹಾಕಿ ಬೆರಳಿನಿಂದ ತಿಕ್ಕಿ. ಉಪ್ಪು ಕರಗಿ ಹೋಗುತ್ತದೆ. ಅಲ್ಯೂಮಿನಿಯಂ ಪುಡಿ ಕರಗುವುದಿಲ್ಲ, ಬೆರಳಿಗೆ ಮಣ್ಣಿನ ಹಾಗೆ ಹತ್ತುತ್ತದೆ.

ಬಣ್ಣ ಹಚ್ಚಿದ ಕಂಬದಲ್ಲಿ ಬೋಲ್ಟಿನ ಸುತ್ತ ಬಣ್ಣ ಗುಳ್ಳೆ ಏಳುತ್ತದೆ. ಉಗುರಿನಿಂದ ಒತ್ತಿದರೆ ಗುಳ್ಳೆ ಒಡೆದು ಒಳಗಿಂದ ಒದ್ದೆ ಪುಡಿ ಬರುತ್ತದೆ. ಗುಳ್ಳೆ ಕಾಸಿನಗಲ ಆಗುವವರೆಗೆ ಕಾಯಬೇಡಿ.

ಪೇಸ್ಟ್ ಅಂದ್ರಲ್ಲ, ಯಾವುದು ಹಚ್ಚಬೇಕು?

ಹೆಚ್ಚಿನ ದೋಣಿ ಕೆಲಸಗಾರರು ಹೇಳುವ ಹೆಸರು ಮೂರು. ಟೆಫ್‌ಜೆಲ್ ಬಿಳಿಯ ದಪ್ಪ ಪೇಸ್ಟ್, ಅದರಲ್ಲಿ ಟೆಫ್ಲಾನ್ ಜಾತಿಯ ಪುಡಿ ತುಂಬಿರುತ್ತದೆ. ಅದು ಒಣಗಿ ಗಟ್ಟಿಯಾಗುವುದಿಲ್ಲ. ತ್ರೆಡ್‌ಗೆ ನನ್ನ ಮೊದಲ ಆಯ್ಕೆ ಅದೇ. ಡ್ಯುರಾಲಾಕ್ ಹಳದಿ ಬಣ್ಣದ್ದು, ಹಳೆಯ ಕಾಲದಿಂದ ಕಂಬ ಮಾಡುವವರ ಕೈಯಲ್ಲಿ ಇರುವಂಥದ್ದು. ಎರಡು ಲೋಹದ ಚಪ್ಪಟೆ ಮೈಗಳ ನಡುವೆ ಹಚ್ಚಲು ಅದು ಬಹಳ ಒಳ್ಳೆಯದು. ಆದರೆ ಹಳೆಯ ಹಳದಿ ಡ್ಯುರಾಲಾಕ್‌ನಲ್ಲಿ ಕ್ರೋಮೇಟ್ ಇರುತ್ತದೆ, ಅದು ವಿಷ. ಗ್ಲೌಸ್ ಹಾಕದೆ ಮುಟ್ಟಬೇಡಿ, ಒಣಗಿದ ಮೇಲೆ ಉಜ್ಜಿ ದೂಳು ಎಬ್ಬಿಸಬೇಡಿ. ಕ್ರೋಮೇಟ್ ಇಲ್ಲದ ಹೊಸ ಬಗೆಯೂ ಸಿಗುತ್ತದೆ. ಮೂರನೆಯದು ಲ್ಯಾನೋಕೋಟ್, ಅಂದರೆ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡಿನ ಗ್ರೀಸ್. ಅಗ್ಗ, ಕೈಗೂ ಹಿತ. ಮಳೆ ಗಾಳಿಗೆ ತೆರೆದುಕೊಂಡ ಜಾಗದಲ್ಲಿ ಆಗಾಗ ಮತ್ತೆ ಹಚ್ಚಬೇಕಾಗುತ್ತದೆ, ಅಷ್ಟೇ.

ಮೂರೂ ಮಾಡುವ ಕೆಲಸ ಒಂದೇ. ಸಂದುಗಳನ್ನೆಲ್ಲ ತುಂಬಿ ನೀರಿಗೆ ಜಾಗವೇ ಇಲ್ಲದಂತೆ ಮಾಡುವುದು. ತ್ರೆಡ್ ಬಿಗಿಯಾದಾಗ ಲೋಹ ಲೋಹಕ್ಕೆ ತಾಗಿಯೇ ತಾಗುತ್ತದೆ, ಅದನ್ನು ಪೇಸ್ಟ್ ತಪ್ಪಿಸಲಾರದು. ನೀರನ್ನು ಹೊರಗಿಡುತ್ತದೆ, ಅಷ್ಟು ಸಾಕು.

ಮೆಕ್ಯಾನಿಕ್ ಅಂಗಡಿಯ ತಾಮ್ರದ ಗ್ರೀಸ್ ನಡೆಯುತ್ತಾ?

ಬೇಡ. ದಯವಿಟ್ಟು ಬೇಡ. ಅದು ಕಾದ ಎಂಜಿನ್ ಬೋಲ್ಟ್‌ಗಳಿಗೆ ಹೇಳಿ ಮಾಡಿಸಿದ್ದು. ಅದರಲ್ಲಿರುವ ತಾಮ್ರದ ಪುಡಿ ಅಲ್ಯೂಮಿನಿಯಂ ಪಾಲಿಗೆ ಸ್ಟೇನ್‌ಲೆಸ್‌ಗಿಂತ ದೊಡ್ಡ ಶತ್ರು. ಗ್ರಾಫೈಟ್ ಇರುವ ಗ್ರೀಸ್ ಕೂಡ ಬೇಡ. ಪೆನ್ಸಿಲ್ ಸೀಸದಲ್ಲಿ ಇರುವುದೂ ಗ್ರಾಫೈಟೇ, ಹಾಗಾಗಿ ಅಲ್ಯೂಮಿನಿಯಂ ಮೇಲೆ ಗುರುತು ಹಾಕಲು ಪೆನ್ಸಿಲ್ ಬಳಸದೆ ಮಾರ್ಕರ್ ಬಳಸುವುದು ಒಳ್ಳೆಯ ಅಭ್ಯಾಸ. ಸಾದಾ ಗ್ರೀಸ್ ಅಪಾಯವಲ್ಲ, ಆದರೆ ಬೇಗ ತೊಳೆದು ಹೋಗುತ್ತದೆ.

ಹಚ್ಚುವ ಸರಿಯಾದ ಕ್ರಮ ಏನು?

ಮೊದಲು ಒಣ ದಿನ ನೋಡಿಕೊಳ್ಳಿ. ಬೋಲ್ಟ್ ಮತ್ತು ತೂತು ಎರಡನ್ನೂ ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಅಸಿಟೋನ್ ಅಥವಾ ಸ್ಪಿರಿಟ್‌ನಲ್ಲಿ ಒರೆಸಿ. ಒಳಗೆ ಉಪ್ಪು ಉಳಿದಿದ್ದರೆ ಪೇಸ್ಟ್ ಅದನ್ನೂ ಸೇರಿಸಿ ಮುಚ್ಚಿಬಿಡುತ್ತದೆ. ಆಮೇಲೆ ಅದು ಒಳಗೊಳಗೇ ತಿನ್ನುತ್ತದೆ.

ಹಳೆಯ ಟೂತ್‌ಬ್ರಷ್ ಇದಕ್ಕೆ ಒಳ್ಳೆಯ ಸಾಧನ. ತ್ರೆಡ್‌ನ ತಗ್ಗು ತುಂಬುವ ಹಾಗೆ ಸುತ್ತಲೂ ಹಚ್ಚಿ. ತೂತಿನ ಒಳಮೈಗೂ ಸ್ವಲ್ಪ ಸವರಿ. ತುಂಬ ಜನ ತ್ರೆಡ್‌ಗೆ ಹಚ್ಚಿ ಮುಗಿಸುತ್ತಾರೆ, ಬೋಲ್ಟಿನ ನುಣುಪು ಭಾಗವನ್ನೂ ತಲೆಯ ಅಡಿಯನ್ನೂ ಮರೆಯುತ್ತಾರೆ. ನೀರು ಒಳಗೆ ಇಳಿಯುವುದೇ ತಲೆಯ ಅಡಿಯಿಂದ, ಅಲ್ವಾ? ವಾಷರ್‌ನ ಎರಡೂ ಬದಿಗೆ, ಫಿಟಿಂಗ್ ಕೂರುವ ಚಪ್ಪಟೆ ಮೈಗೆ ತೆಳ್ಳಗೆ ಬಳಿಯಿರಿ. ಬಿಗಿ ಮಾಡುವಾಗ ತಲೆಯ ಸುತ್ತ ಪೇಸ್ಟ್ ಉಂಗುರದ ಹಾಗೆ ಹೊರಗೆ ಬರಬೇಕು. ಎಲ್ಲಾದರೂ ಒಂದು ಕಡೆ ಬರಲಿಲ್ಲ ಅಂದರೆ ಒಳಗೆ ಖಾಲಿ ಜಾಗ ಇದೆ ಎಂದು ತಿಳಿದು ಬಿಚ್ಚಿ ಮತ್ತೆ ಹಚ್ಚಿ. ಹೊರಬಂದದ್ದನ್ನು ಬಟ್ಟೆಯಲ್ಲಿ ಒರೆಸಿಬಿಡಿ.

ಒಂದು ಎಚ್ಚರಿಕೆ. ಜಾರುವ ಪೇಸ್ಟ್ ಹಚ್ಚಿದ ಬೋಲ್ಟ್ ಅದೇ ಬಲಕ್ಕೆ ಜಾಸ್ತಿ ಬಿಗಿಯಾಗುತ್ತದೆ. ಒಣ ತ್ರೆಡ್‌ಗೆ ಬರೆದ ಟಾರ್ಕ್, ಅಂದರೆ ತಿರುಗಿಸುವ ಬಲದ ಅಂಕಿಯನ್ನೇ ಹಾಕಿದರೆ ಅಲ್ಯೂಮಿನಿಯಂ ತ್ರೆಡ್ ಕಿತ್ತು ಬರಬಹುದು. ಸ್ವಲ್ಪ ಕಮ್ಮಿ ಮಾಡಿ.

ಪ್ಲಾಸ್ಟಿಕ್ ವಾಷರ್ ಹಾಕಿದೀನಿ. ಅಷ್ಟು ಸಾಕಾ?

ಬರೀ ವಾಷರ್ ಹಾಕಿದರೆ ಅರ್ಧ ಕೆಲಸ. ಬೋಲ್ಟಿನ ತಲೆ ತಾಗದಿರಬಹುದು, ಆದರೆ ಮೈ ತೂತಿನ ಗೋಡೆಗೆ ತಾಗುತ್ತದಲ್ಲ. ಆರಪಾರ ಹೋಗುವ ಬೋಲ್ಟನ್ನು ಪೂರ್ತಿ ಬೇರ್ಪಡಿಸಬೇಕಾದರೆ ನಾಲ್ಕು ಕಡೆ ಪ್ಲಾಸ್ಟಿಕ್ ಬೇಕು: ತಲೆಯ ಅಡಿ ವಾಷರ್, ತೂತಿನೊಳಗೆ ಕೊಳವೆಯಂಥ ಬುಷ್, ಫಿಟಿಂಗ್ ಅಡಿ ಒಂದು ಹಾಳೆ, ನಟ್ಟಿನ ಅಡಿ ಮತ್ತೊಂದು ವಾಷರ್. ಬುಷ್ ಕೂರಲು ತೂತನ್ನು ಸ್ವಲ್ಪ ದೊಡ್ಡದು ಮಾಡಬೇಕಾಗುತ್ತದೆ. ಪ್ಲಾಸ್ಟಿಕ್ ವಾಷರ್ ಮೇಲೆ ಸ್ಟೇನ್‌ಲೆಸ್ ವಾಷರ್ ಇಟ್ಟರೆ ಭಾರ ಹಂಚಿಹೋಗುತ್ತದೆ, ಪ್ಲಾಸ್ಟಿಕ್ ಹರಿಯುವುದಿಲ್ಲ.

ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಮಲ್ಟಿಮೀಟರ್ ತೆಗೆದುಕೊಳ್ಳಿ. ಒಂದು ಮೊನೆ ಬೋಲ್ಟಿನ ತಲೆಗೆ, ಇನ್ನೊಂದು ಮೊನೆ ಬಣ್ಣ ಕೆರೆದ ಅಲ್ಯೂಮಿನಿಯಂಗೆ. ಎಲ್ಲವೂ ಒಣಗಿರಲಿ. ಬೀಪ್ ಬಂದರೆ ಎಲ್ಲೋ ತಾಗುತ್ತಿದೆ. ನಾನು ಒಮ್ಮೆ ಆರು ಬೋಲ್ಟಿನ ಒಂದು ವಿಂಚ್ (ಹಾಯಿಯ ಹಗ್ಗ ಎಳೆಯುವ ಲೋಹದ ರಾಟೆ) ಕೂರಿಸಿ ಪರೀಕ್ಷೆ ಮಾಡಿದಾಗ ಆರೂ ಬೀಪ್ ಅಂದವು. ತಪ್ಪು ಒಂದೇ ಬೋಲ್ಟಿನಲ್ಲಿ ಇತ್ತು. ವಿಂಚ್ ಮೂಲಕ ಆರೂ ಒಂದಕ್ಕೊಂದು ಸೇರಿರುತ್ತವೆ, ಹಾಗಾಗಿ ಒಂದು ತಾಗಿದರೆ ಎಲ್ಲವೂ ತಾಗಿದಂತೆಯೇ.

ನೈಲಾನ್ ನೀರು ಕುಡಿದು ಸ್ವಲ್ಪ ಉಬ್ಬುತ್ತದೆ. ಡೆಲ್ರಿನ್ ಎಂದು ಸಿಗುವ ಅಸಿಟಾಲ್ ಪ್ಲಾಸ್ಟಿಕ್ ಅಷ್ಟು ಉಬ್ಬುವುದಿಲ್ಲ, ಅದು ಸಿಕ್ಕರೆ ಅದೇ ಇರಲಿ. ಬಟ್ಟೆ, ಚರ್ಮ ಬೇಡ, ಅವು ಉಪ್ಪುನೀರು ಹಿಡಿದಿಟ್ಟುಕೊಳ್ಳುತ್ತವೆ. ಹಾಯಿಕಂಬದ ಹಗ್ಗತಂತಿ ಹಿಡಿಯುವಂಥ ತುಂಬ ಭಾರದ ಬೋಲ್ಟ್‌ಗಳ ಅಡಿಗೆ ಮೆತ್ತನೆಯ ಪ್ಲಾಸ್ಟಿಕ್ ಹಾಕಬಾರದು. ದಿನ ಕಳೆದಂತೆ ಅದು ಅಮುಕಿ ತೆಳ್ಳಗಾಗಿ ಬೋಲ್ಟ್ ಸಡಿಲವಾಗುತ್ತದೆ. ಅಂಥ ಕಡೆ ಪೇಸ್ಟೇ ಸರಿ.

ಆನೊಡೈಸ್ ಮಾಡಿದ ಕಂಬ, ಬಣ್ಣ ಹಚ್ಚಿದ ಕಂಬ ಆದ್ರೆ ಚಿಂತೆ ಇಲ್ಲ ಅಲ್ವಾ?

ಆನೊಡೈಸ್ ಅಂದರೆ ಕರೆಂಟ್ ಹರಿಸಿ ಅಲ್ಯೂಮಿನಿಯಂನ ಆಕ್ಸೈಡ್ ಪದರವನ್ನು ದಪ್ಪ ಮಾಡುವುದು. ಆ ಪದರ ಒಳ್ಳೆಯ ರಕ್ಷಣೆ. ಹೊರಗಿನ ಕೆಲಸಕ್ಕೆ ಸಾಮಾನ್ಯವಾಗಿ 25 ಮೈಕ್ರಾನ್ ದಪ್ಪ ಇರುತ್ತದೆ. ಆದರೆ ನೀವು ಡ್ರಿಲ್ ಹಾಕಿದ ಕ್ಷಣ ತೂತಿನ ಒಳಗೆ ಬೆತ್ತಲೆ ಅಲ್ಯೂಮಿನಿಯಂ ಬಂದಾಯಿತು. ಬಣ್ಣದ ಕತೆಯೂ ಅಷ್ಟೇ.

ಬಣ್ಣದ ವಿಷಯದಲ್ಲಿ ಜನರಿಗೆ ಅಚ್ಚರಿ ಆಗುವ ಒಂದು ಮಾತಿದೆ. ಸವೆಯುವ ಲೋಹಕ್ಕೆ ಮಾತ್ರ ಬಣ್ಣ ಹಚ್ಚಿ, ಸ್ಟೇನ್‌ಲೆಸ್ಸನ್ನು ಹಾಗೇ ಬಿಟ್ಟರೆ ಕೆಲವೊಮ್ಮೆ ತೊಂದರೆ ಹೆಚ್ಚುತ್ತದೆ. ಬಣ್ಣದಲ್ಲಿ ಒಂದು ಗೀರು ಬಿದ್ದರೆ ಸಾಕು, ಸವೆತವೆಲ್ಲ ಆ ಗೀರಿನಲ್ಲೇ ಕೂಡಿಕೊಂಡು ಆಳಕ್ಕೆ ಇಳಿಯುತ್ತದೆ. ಸ್ಟೇನ್‌ಲೆಸ್ ಪಟ್ಟಿಯ ಅಡಿಮೈಗೂ ಬಣ್ಣ ಅಥವಾ ಎಪಾಕ್ಸಿ ಹಚ್ಚಿದರೆ ಬ್ಯಾಟರಿಯ ಇನ್ನೊಂದು ತುದಿಯೇ ಮುಚ್ಚಿಹೋಗುತ್ತದೆ.

ಎ2, ಎ4 ಅಂತ ಬೋಲ್ಟ್ ತಲೆ ಮೇಲೆ ಇರುತ್ತಲ್ಲ, ಯಾವುದು ತಗೋಬೇಕು?

ಎ4. ಅದು 316 ದರ್ಜೆಯದು. ಎ2 ಅಂದರೆ 304ರ ಜಾತಿ, ಉಪ್ಪುಗಾಳಿಗೆ ಕಂದು ಕಲೆ ಬೇಗ ಬರುತ್ತದೆ. ಎ4-70 ಎಂದು ಇದ್ದರೆ 700 ಮೆಗಾಪಾಸ್ಕಲ್ ಎಳೆತ ತಡೆಯುತ್ತದೆ ಎಂದರ್ಥ. ಅಲ್ಯೂಮಿನಿಯಂ ಜೊತೆಗಿನ ಜಗಳಕ್ಕೆ ಮಾತ್ರ ಎ2, ಎ4 ಎರಡೂ ಹೆಚ್ಚುಕಮ್ಮಿ ಒಂದೇ. ಎ4 ತಂದೆ ಎಂದು ಪೇಸ್ಟ್ ಬಿಡಬೇಡಿ.

ಜಿಂಕ್ ಆನೋಡ್ ಕಟ್ಟಿದ್ರೆ ಎಲ್ಲಾ ಸರಿಹೋಗಲ್ವಾ?

ಜಿಂಕ್ ಆನೋಡ್ ಅಂದರೆ ತಾನು ಕರಗಿ ಬೇರೆ ಲೋಹವನ್ನು ಉಳಿಸುವ ಸತುವಿನ ತುಂಡು. ನೀರಿನ ಅಡಿ ಇರುವ ಭಾಗಕ್ಕೆ ಸರಿಹೋಗುತ್ತದೆ. ಆನೋಡ್ ಮತ್ತು ಅದು ಕಾಯುವ ಲೋಹ ಎರಡೂ ಒಂದೇ ನೀರಿನಲ್ಲಿ ಮುಳುಗಿರಬೇಕು. ಕಂಬದ ಮೇಲಿನ ಬೋಲ್ಟಿಗೆ ತಳದಲ್ಲಿರುವ ಆನೋಡ್‌ನಿಂದ ಏನೂ ಉಪಯೋಗವಿಲ್ಲ.

ಸಿಲಿಕೋನ್ ಸೀಲಂಟ್?

ಮೂಗಿಗೆ ವಿನೆಗರ್ ವಾಸನೆ ಹೊಡೆಯುವ ಸಿಲಿಕೋನ್ ಬೇಡ. ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಅಲ್ಯೂಮಿನಿಯಂ ತಿನ್ನುತ್ತದೆ. ನ್ಯೂಟ್ರಲ್ ಬಗೆಯದು ನಡೆಯುತ್ತದೆ. ಪಾಲಿಸಲ್ಫೈಡ್ ಅಥವಾ ಬ್ಯೂಟೈಲ್ ಟೇಪ್ ನನಗೆ ಇನ್ನೂ ಹಿಡಿಸುತ್ತದೆ, ಮುಂದೆ ಬಿಚ್ಚಲು ಬರುತ್ತದೆ.

ನನ್ನ ದೋಣಿ ಕೆರೆಯಲ್ಲಿ ಓಡೋದು. ನನಗೂ ಬೇಕಾ ಇದೆಲ್ಲ?

ಸಿಹಿನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುವುದಿಲ್ಲ, ಹಾಗಾಗಿ ಎಲ್ಲವೂ ನಿಧಾನ. ಆದರೂ ಪೇಸ್ಟ್ ಹಚ್ಚಿ. ಇದಕ್ಕೆ ಉಲ್ಟಾ ಇನ್ನೊಂದು ಗುಂಪಿದೆ: ಸಮುದ್ರದಲ್ಲಿ ಓಡಿಸಿ ದಡದಲ್ಲಿ ಎಳೆದಿಟ್ಟರೆ ಸುರಕ್ಷಿತ ಅಂದುಕೊಳ್ಳುವವರು. ಒಣಗಿದ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಗಾಳಿಯ ತೇವ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ತಾನಾಗಿಯೇ ನೀರೊಡೆಯುತ್ತದೆ. ದೋಣಿ ಶೆಡ್ಡಿನಲ್ಲಿ ಇದ್ದರೂ ರಾತ್ರಿಯೆಲ್ಲ ಬ್ಯಾಟರಿ ಕೆಲಸ ಮಾಡುತ್ತಿರುತ್ತದೆ. ಓಡಿಸಿ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯುವುದು ಸುಮ್ನೆ ಚಂದಕ್ಕಲ್ಲ.

ಆಗಲೇ ಜಾಮ್ ಆಗಿದೆ. ಈಗ ಏನ್ ಮಾಡ್ಲಿ?

ಮೊದಲನೆಯದು, ಅವಸರ ಮಾಡಬೇಡಿ. ತಲೆ ಮುರಿದರೆ ಕೆಲಸ ಹತ್ತು ಪಟ್ಟು ಬೆಳೆಯುತ್ತದೆ.

ಇಂದು ಸಂಜೆ ಒಳಗೆ ಇಳಿಯುವಂಥ ತೆಳು ಎಣ್ಣೆ ಹಾಕಿ ಬಿಡಿ. ನಾಳೆ ಬೆಳಿಗ್ಗೆ ಮತ್ತೆ ಹಾಕಿ. ಎರಡು ಮೂರು ದಿನ ಹೀಗೇ ಮಾಡಿದರೂ ನಷ್ಟವಿಲ್ಲ. ಆಮೇಲೆ ಸುತ್ತಿಗೆಯಿಂದ ತಲೆಯ ಮೇಲೆ ನೇರವಾಗಿ ಸಣ್ಣ ಸಣ್ಣ ಏಟು ಕೊಡಿ. ಒಳಗಿನ ಪುಡಿ ಬಿರುಕು ಬಿಡಬೇಕು, ಅಷ್ಟೇ. ಸ್ಕ್ರೂ ಆದರೆ ಸುತ್ತಿಗೆಯಲ್ಲಿ ಹೊಡೆದಾಗ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಅದ್ಭುತ ಸಾಧನ.

ಆಮೇಲೆ ಬಿಸಿ. ಒಂದು ಡಿಗ್ರಿ ಬಿಸಿಗೆ ಅಲ್ಯೂಮಿನಿಯಂ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, 316 ಸ್ಟೇನ್‌ಲೆಸ್ ಸುಮಾರು 16. ಎರಡನ್ನೂ ಕಾಯಿಸಿದರೆ ತೂತು ಬೋಲ್ಟಿಗಿಂತ ಜಾಸ್ತಿ ಅಗಲವಾಗುತ್ತದೆ. ಈ ಕೂದಲೆಳೆಯ ಅಂತರವೇ ನಮಗೆ ಬೇಕಿರುವುದು. ಮೊದಲು ಕುದಿಯುವ ನೀರು ಹೊಯ್ದು ನೋಡಿ, ಇದರಿಂದ ಏನೂ ಹಾಳಾಗುವುದಿಲ್ಲ. ಆಗದಿದ್ದರೆ ಹೀಟ್ ಗನ್. ಅದಕ್ಕೂ ಮೊದಲು ಎಣ್ಣೆ ಪೂರ್ತಿ ಒರೆಸಿ, ಇಲ್ಲದಿದ್ದರೆ ಬೆಂಕಿ ಹತ್ತಬಹುದು. 150 ಡಿಗ್ರಿ ದಾಟಿಸಬೇಡಿ. ಕಂಬಕ್ಕೆ ಬಳಸುವ 6061ರಂಥ ಅಲ್ಯೂಮಿನಿಯಂ ಬಲ ಪಡೆಯುವುದೇ ಹದವಾಗಿ ಕಾಯಿಸುವುದರಿಂದ, ಅತಿಯಾಗಿ ಕಾಯಿಸಿದರೆ ಆ ಬಲ ಹೋಗುತ್ತದೆ. ಅಲ್ಯೂಮಿನಿಯಂ ಕಾದಾಗ ಕಬ್ಬಿಣದ ಹಾಗೆ ಕೆಂಪಗಾಗಿ ಎಚ್ಚರಿಸುವುದಿಲ್ಲ ಎನ್ನುವುದು ನೆನಪಿರಲಿ. ಗ್ಯಾಸ್ ಬೆಂಕಿಯನ್ನು ನಾನು ಕಂಬದ ಹತ್ತಿರ ತರುವುದೇ ಇಲ್ಲ.

ತಿರುಗಲು ಶುರುವಾದ ಮೇಲೆ ಒಂದೇ ದಿಕ್ಕಿಗೆ ಎಳೆಯಬೇಡಿ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ಹಿಂದಕ್ಕೆ ಬಿಗಿ ಮಾಡಿ, ಎಣ್ಣೆ ಬಿಡಿ, ಮತ್ತೆ ಬಿಚ್ಚಿ. ಸಂದಿನಿಂದ ಬೂದು ಬಣ್ಣದ ಹಿಟ್ಟು ಹೊರಗೆ ಬರುವುದು ಕಾಣುತ್ತದೆ. ಅದು ಬರುತ್ತಿದ್ದರೆ ಗೆದ್ದಿರಿ.

ತಲೆ ಮುರಿದೇ ಹೋಯ್ತು!

ಬೋಲ್ಟಿನ ನಟ್ಟನಡುವೆ ಸೆಂಟರ್ ಪಂಚ್ ಹಾಕಿ, ಎಡಕ್ಕೆ ತಿರುಗುವ ಡ್ರಿಲ್ ಬಿಟ್‌ನಿಂದ ಕೊರೆಯಿರಿ. ಎಷ್ಟೋ ಸಲ ಕೊರೆಯುವಾಗಲೇ ಬಿಟ್ ಬೋಲ್ಟನ್ನು ಕಚ್ಚಿ ಹೊರಗೆ ತಿರುಗಿಸಿಬಿಡುತ್ತದೆ. ಸ್ಟೇನ್‌ಲೆಸ್ ಕೊರೆಯುವಾಗ ವೇಗ ಕಮ್ಮಿ, ಒತ್ತಡ ಜಾಸ್ತಿ, ಎಣ್ಣೆ ಧಾರಾಳ, ಬಿಟ್ ಕೋಬಾಲ್ಟ್‌ನದು. ವೇಗವಾಗಿ ಸುಮ್ನೆ ಉಜ್ಜಿದರೆ ಆ ಜಾಗ ಇನ್ನಷ್ಟು ಗಡುಸಾಗಿ ಬಿಟ್ ಮೊಂಡಾಗುತ್ತದೆ. ಸುತ್ತಲಿನ ಅಲ್ಯೂಮಿನಿಯಂ ಮೆತ್ತಗೆ, ಬಿಟ್ ಅತ್ತ ಜಾರಲು ಕಾಯುತ್ತಿರುತ್ತದೆ. ಅದಕ್ಕೇ ಪಂಚ್ ನಡುವೆಯೇ ಬೀಳಬೇಕು.

ತ್ರೆಡ್ ಹಾಳಾಗಿದ್ದರೆ ಒಂದು ಸೈಜ್ ದೊಡ್ಡ ಬೋಲ್ಟ್ ಹಾಕಬಹುದು, ಇಲ್ಲವೇ ಹೆಲಿಕಾಯಿಲ್, ಅಂದರೆ ಹೊಸ ತ್ರೆಡ್ ಆಗಿ ಕೂರುವ ತಂತಿಯ ಸುರುಳಿ, ಕೂರಿಸಬಹುದು. ಹೆಲಿಕಾಯಿಲ್ ಕೂಡ ಸ್ಟೇನ್‌ಲೆಸ್ ತಂತಿಯೇ, ಅದರ ಹೊರಮೈಗೂ ಪೇಸ್ಟ್ ಬೇಕು.

ಎಷ್ಟು ದಿನಕ್ಕೊಮ್ಮೆ ಬಿಚ್ಚಿ ನೋಡಬೇಕು?

ಉಪ್ಪುನೀರಿನ ದೋಣಿಯಾದರೆ ವರ್ಷಕ್ಕೊಮ್ಮೆ ಎಲ್ಲವನ್ನೂ ಕಣ್ಣಿನಿಂದ ನೋಡಿ, ಒಂದೆರಡು ಬೋಲ್ಟನ್ನಾದರೂ ಬಿಚ್ಚಿ. ಪ್ರತಿ ವರ್ಷ ಬೇರೆ ಬೇರೆ ಬೋಲ್ಟ್ ಆರಿಸಿಕೊಳ್ಳಿ. ನೀರು ನಿಲ್ಲುವ ತಗ್ಗಿನ ಜಾಗ, ಕಂಬದ ಬುಡ, ಬೂಮ್ ತುದಿ ಇವು ಮೊದಲು. ಹೊರಬಂದ ಬೋಲ್ಟಿನ ಮೇಲೆ ಪೇಸ್ಟ್ ಇನ್ನೂ ಬೆಳ್ಳಗೆ, ಮೆತ್ತಗೆ ಇದ್ದರೆ ಒರೆಸಿ, ಹೊಸದು ಹಚ್ಚಿ, ಅದೇ ಬೋಲ್ಟನ್ನು ವಾಪಸ್ ಹಾಕಿ. ತ್ರೆಡ್‌ನಲ್ಲಿ ಕಂದು ಗೆರೆ ಅಥವಾ ಸೂಜಿಮೊನೆಯಂಥ ಗುಳಿ ಕಂಡರೆ ಆ ಬೋಲ್ಟ್ ಎಸೆದುಬಿಡಿ. ಗಾಳಿ ತಾಗದ ಸಂದಿನಲ್ಲಿ ಸ್ಟೇನ್‌ಲೆಸ್‌ನ ರಕ್ಷಣೆಯ ಪದರವೂ ಸೋಲುತ್ತದೆ, ಆ ಗುಳಿಯಿಂದಲೇ ಮುಂದೆ ಒಂದು ದಿನ ಬೋಲ್ಟ್ ಮುರಿಯುವುದು.